ಧ್ವನಿಮುದ್ರಿಕೆಯೂ ಆಕರವೇ: ನಾಸಿಕ ಮತ್ತು ಛತ್ರಪತಿ ಸಂಭಾಜಿನಗರದ ನೆಲೆಯಿಂದ

ಶಾಸನ, ಹಸ್ತಪ್ರತಿಗಳನ್ನು ಆಕರಗಳೆಂದು ಮನ್ನಿಸುವ ನಮ್ಮ ಸಂಶೋಧನೆಯು ಗ್ರಾಮಫೋನ್ ಮುದ್ರಿಕೆಗಳನ್ನೂ ಅವನ್ನು ನುಡಿಸುವ ಯಂತ್ರಗಳನ್ನೂ ಹವ್ಯಾಸಿಗಳ ಪಾಲಿಗೆ ಬಿಟ್ಟುಕೊಟ್ಟಿದೆ. ಇದು ಸರಿಯಲ್ಲ. 1877ರಲ್ಲಿ ಎಡಿಸನ್ ರೂಪಿಸಿದ ಫೋನೋಗ್ರಾಫ್ ಉರುಳೆಯ ಮೇಲೆ ಧ್ವನಿಯನ್ನು ಕೊರೆಯಿತು; 1887ರಲ್ಲಿ ಬರ್ಲಿನರ್ ರೂಪಿಸಿದ ಗ್ರಾಮಫೋನ್ ಅದನ್ನು ತಟ್ಟೆಗೆ ಇಳಿಸಿತು. 1902ರಲ್ಲಿ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದನು. ಆ ಗಾಯಕಿ ಕೊನೆಯುಸಿರೆಳೆದದ್ದು 1930ರಲ್ಲಿ, ಮೈಸೂರಿನಲ್ಲಿ.

ಕನ್ನಡ ನಾಡಿನ ಗಾಯನದ ಇಂಥ ಸಾಕ್ಷ್ಯಗಳನ್ನು ಇಂದಿನ ಕರ್ನಾಟಕದೊಳಗೆ ಮಾತ್ರ ಹುಡುಕಿದರೆ ಸಾಲದು. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ನಾಸಿಕ ಮತ್ತು ಧಾರವಾಡಗಳು ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರಾದ ಔರಂಗಾಬಾದ್, ಕಲಬುರಗಿ, ಬೀದರ್, ರಾಯಚೂರುಗಳೊಡನೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅಂದಿನ ಮುದ್ರಿಕೆಗಳ ಮಾರಾಟಕ್ಕೆ ಇಂದಿನ ಗಡಿಗಳಿರಲಿಲ್ಲ. ಗಾಯಕರಿಗೂ ಅಷ್ಟೇ: ಕೈರಾನಾದಲ್ಲಿ ಜನಿಸಿದ ಅಬ್ದುಲ್ ಕರೀಂ ಖಾನರು ಮೀರಜಿನಲ್ಲಿ ನೆಲೆಸಿದರು, ಅವರ ಶಿಷ್ಯ ಸವಾಯಿ ಗಂಧರ್ವರು ಕುಂದಗೋಳದವರು. ಗದುಗಿನ ಬಾಲಕ ಭೀಮಸೇನ ಜೋಶಿ 1933ರಲ್ಲಿ ಮನೆ ಬಿಟ್ಟು ಹೊರಟದ್ದಕ್ಕೆ ಖಾನರ ಮುದ್ರಿಕೆಯೇ ಪ್ರೇರಣೆ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರ ಕಂಠ ಮುಂಬಯಿಯ ಚಿತ್ರಗೀತೆಗಳ ಮೂಲಕ ದೇಶವ್ಯಾಪಿಯಾಯಿತು.

ಸಂಗ್ರಹದಷ್ಟೇ ಸಂಸ್ಕರಣವೂ ಮುಖ್ಯ. ಇಲ್ಲಿ ಗ್ರಂಥಸಂಪಾದನೆಯ ಶಿಸ್ತು ನೆರವಿಗೆ ಬರುತ್ತದೆ. ಲಿಪಿಕಾರನ ಕೈಯಲ್ಲಿ ಪಾಠ ಕೆಡುವಂತೆ ಕೆಟ್ಟ ಯಂತ್ರದಲ್ಲಿ ಧ್ವನಿ ಕೆಡುತ್ತದೆ. ಆರಂಭಕಾಲದ ತಟ್ಟೆಗಳೆಲ್ಲವೂ ನಿಮಿಷಕ್ಕೆ 78 ಸುತ್ತುಗಳ ವೇಗದಲ್ಲಿಯೇ ಮುದ್ರಿತವಾದವಲ್ಲ. ವೇಗವು ಶೇಕಡಾ 6ರಷ್ಟು ಹೆಚ್ಚಿದರೆ ಶ್ರುತಿ ಸುಮಾರು ಅರ್ಧ ಸ್ವರ ಏರುತ್ತದೆ. ಗಾಯಕರ ಶ್ರುತಿಯ ಬಗೆಗಿನ ನಮ್ಮ ನಿರ್ಣಯವೇ ತಪ್ಪುತ್ತದೆ. ಆದುದರಿಂದ ಸ್ಪ್ರಿಂಗಿನ ಗಟ್ಟಿಯಾದ ಗ್ರೀಸನ್ನು ತೆಗೆಯುವುದು, ವೇಗನಿಯಂತ್ರಕವನ್ನು ಸರಿಪಡಿಸುವುದು ಕೇವಲ ಕುಶಲಕರ್ಮವಲ್ಲ, ಪಾಠಶೋಧನೆಯ ಪೂರ್ವಸಿದ್ಧತೆ. ಅರಗು ಮದ್ಯಸಾರದಲ್ಲಿ ಕರಗುವುದರಿಂದ ಅಂಥ ತಟ್ಟೆಗಳನ್ನು ಸ್ಪಿರಿಟ್ಟಿನಿಂದ ಒರೆಸಲಾಗದು. ಉಕ್ಕಿನ ಮುಳ್ಳನ್ನು ಪ್ರತಿ ಮಗ್ಗುಲಿಗೂ ಬದಲಿಸಬೇಕು. ಯಂತ್ರದ ಮೂಲ ಭಾಗಗಳನ್ನು ತೆಗೆದು ಹೊಳಪಿನ ಹೊಸ ಭಾಗಗಳನ್ನು ಜೋಡಿಸುವುದು, ಓಲೆಯ ಅಳಿದ ಅಕ್ಷರಗಳ ಮೇಲೆ ಊಹೆಯಿಂದ ಮಸಿ ತೀಡಿದಂತೆ.

ಹೊರನಾಡಿನ ಸಂಶೋಧಕರಲ್ಲಿ ನಮ್ಮ ವಿನಂತಿಯಿಷ್ಟು. ಈ ಎರಡು ನಗರಗಳಲ್ಲಿ ಹಳೆಯ ಮನೆತನಗಳ ಅಥವಾ ಸಂಗ್ರಾಹಕರ ತಟ್ಟೆಗಳು ಕಣ್ಣಿಗೆ ಬಿದ್ದಾಗ ಗಾಯಕರ ಹೆಸರನ್ನಷ್ಟೇ ಬರೆದುಕೊಳ್ಳದೆ, ಲೇಬಲ್ಲಿನ ಸಂಖ್ಯೆ, ಅದರ ಸುತ್ತ ಕೊರೆದ ಮಾತೃಕಾ ಸಂಖ್ಯೆ, ನುಡಿಸಿದ ವೇಗ, ತಟ್ಟೆ ಕೈಸೇರಿದ ಬಗೆ ಇವನ್ನೂ ದಾಖಲಿಸಬೇಕು. ಅರಗು ಒಡೆದರೆ ಕೂಡದು. ಪ್ರತ್ಯಂತರ ದೊರೆಯದ ಕಡೆ ಒಡೆದ ತಟ್ಟೆಯೊಡನೆ ಒಂದು ಕಂಠವೇ ಇಲ್ಲವಾಗುತ್ತದೆ.