ಹಲ್ಲು ಎಣಿಸಿದರೆ ಸಾಲದು: ಸೈಕಲ್ಲಿನ ಮುಂದಿನ ಚಕ್ರದ ಕತೆ

ಭಾನುವಾರ ಬೆಳಗ್ಗೆ ಮಾಗಡಿ ರಸ್ತೆಯ ಪಕ್ಕ ಹತ್ತು ನಿಮಿಷ ನಿಂತರೆ ಎರಡು ಬಗೆಯ ಸೈಕಲ್ಲು ಕಾಣುತ್ತವೆ. ಒಂದು ಕಪ್ಪು ಬಣ್ಣದ, ಹಿಂದೆ ಕ್ಯಾರಿಯರ್ ಇರುವ, ನಮ್ಮ ಅಪ್ಪ ತಾತಂದಿರ ಸೈಕಲ್ಲು. ಈಗ ಕಡಿಮೆಯಾಗಿದೆ, ಆದರೆ ಮಾಯವಾಗಿಲ್ಲ. ಇನ್ನೊಂದು ತೆಳು ಟೈರಿನ, ಕುರಿಯ ಕೊಂಬಿನಂತೆ ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕು. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದಿಂದ ಕತ್ತಲಲ್ಲೇ ಹೊರಟವರು ಇದರ ಮೇಲೆ ಮಂಚನಬೆಲೆ ಕಡೆಗೋ, ಕೆಂಗೇರಿ ದಾಟಿ ರಾಮೋಹಳ್ಳಿಯ ದೊಡ್ಡ ಆಲದ ಮರದ ಕಡೆಗೋ ಹೋಗುತ್ತಾರೆ.

ಅವರು ಕೆಲವು ವರ್ಷ ತುಳಿದು ಮಾರಿದ ಬೈಕುಗಳು ಈಗ ಹಳ್ಳಿ ಹುಡುಗ ಹುಡುಗಿಯರ ಕೈಗೆ ಬರುತ್ತಿವೆ. ರೇಸಿಗೆ ಹೋಗುವ ಆಸೆ ಇರುವವರಿಗೆ ಹೊಸದು ಕೊಳ್ಳುವ ಶಕ್ತಿ ಇಲ್ಲ, ಸೆಕೆಂಡ್ ಹ್ಯಾಂಡೇ ದಾರಿ. ಬೈಕು ಬಂದ ಸ್ವಲ್ಪ ದಿನಕ್ಕೆ ಮುಂದಿನ ಹಲ್ಲಿನ ಚಕ್ರ, ಅಂದರೆ ಚೈನ್‌ರಿಂಗ್, ಸವೆದಿದೆ ಅಂತ ಗೊತ್ತಾಗುತ್ತದೆ. ಊರಿನ ಸೈಕಲ್ ಶಾಪಿನಲ್ಲಿ ಕೇಳಿದರೆ ಎರಡೇ ಪ್ರಶ್ನೆ ಬರುತ್ತವೆ: ಹಲ್ಲು ಎಷ್ಟು, ತೂತು ಎಷ್ಟು? ಈ ಎರಡು ಲೆಕ್ಕ ಸರಿಯಾದರೆ ರಿಂಗು ಕೂರುತ್ತದೆ ನಿಜ. ಆದರೆ ಗೇರು ಬದಲಿಸುವಾಗ ಚೈನು ಕರಕರ ಅನ್ನುತ್ತದೆ, ಮೇಲೆ ಹತ್ತುವುದಿಲ್ಲ. ಹತ್ತಿದರೆ ಆಚೆ ಬೀಳುತ್ತದೆ. ಹಿಂದೆ ಲಾರಿ ಬರುತ್ತಿರುವಾಗ ಎದ್ದು ನಿಂತು ತುಳಿಯುವವನ ಚೈನು ಬಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಊರಿನ ಮೆಕ್ಯಾನಿಕ್ಕಿನ ಪ್ರಶ್ನೆಗಳು ತಪ್ಪಲ್ಲ, ಹಳೆಯವು. ಅವು ಎಲ್ಲಿಂದ ಬಂದವು ಅಂತ ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ಲು ತಂದರು. ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆ, ಪೆಡಲ್ಲಿನಿಂದ ಹಿಂದಿನ ಗಾಲಿಗೆ ಚೈನು. ನಮ್ಮ ಕಪ್ಪು ಸೈಕಲ್ಲು ಇದರ ಮರಿಮಗ. ಸ್ವಾತಂತ್ರ್ಯದ ನಂತರ 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನಾದಲ್ಲಿ ಹೀರೋ ಶುರುವಾದವು. ಹರ್ಕ್ಯುಲಿಸ್, ಬಿಎಸ್ಎ, ಅಟ್ಲಾಸ್, ಹೀರೋ. ನಮ್ಮ ಕಡೆ ಮದುವೆ ಮಾತುಕತೆಯಲ್ಲೂ ಈ ಹೆಸರುಗಳು ಬರುತ್ತಿದ್ದ ಕಾಲವಿತ್ತು.

ಬೆಂಗಳೂರಿನ ಪಶ್ಚಿಮ ಭಾಗ ಬೆಳೆದದ್ದೂ ಇದೇ ಕಾಲದಲ್ಲಿ. ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದದ್ದು 1949ರಲ್ಲಿ. ಬಡಾವಣೆಯ ಜೊತೆಗೇ ಕೈಗಾರಿಕೆಗೂ ಜಾಗ ಬಿಟ್ಟರು. ಮಾಗಡಿ ರಸ್ತೆಯ ತುದಿಯಲ್ಲಿ ಅದಕ್ಕೂ ಮೊದಲೇ ಬಟ್ಟೆ ಮಿಲ್ಲುಗಳಿದ್ದವು. ಕಾರ್ಖಾನೆಯ ಸೈರನ್ ಕೂಗಿದರೆ ರಸ್ತೆ ತುಂಬ ಸೈಕಲ್ಲು. ಅವುಗಳ ಮುಂದಿನ ಚಕ್ರಕ್ಕೆ ಸಾಮಾನ್ಯವಾಗಿ 44 ಅಥವಾ 48 ಹಲ್ಲು, ಹಿಂದೆ 18 ಅಥವಾ 20. 44ಕ್ಕೆ 18 ಅಂದರೆ ಪೆಡಲ್ಲು ಒಂದು ಸುತ್ತು ಬಂದಾಗ ಗಾಲಿ ಹೆಚ್ಚುಕಡಿಮೆ ಎರಡೂವರೆ ಸುತ್ತು ತಿರುಗಿ ಸೈಕಲ್ಲು 5 ಮೀಟರಿಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋಗುತ್ತದೆ. ಹಾಲಿನ ಕ್ಯಾನು ಕಟ್ಟಿಕೊಂಡವರಿಗೂ ಮಿಲ್ಲಿನ ಕೆಲಸಗಾರರಿಗೂ ಅದೇ ಸಾಕಾಗಿತ್ತು.

ಆ ಚಕ್ರವನ್ನು ಒಮ್ಮೆ ನೆನಪಿಸಿಕೊಳ್ಳಿ. ದಪ್ಪ ಉಕ್ಕು. ಬಿಎಸ್ಎಯಲ್ಲಿ ಕಂಪನಿಯ ಮೂರು ಅಕ್ಷರಗಳನ್ನೇ ಚಕ್ರದ ನಡುವೆ ಕತ್ತರಿಸಿದ್ದರು. ರ್‍ಯಾಲಿಯಲ್ಲಿ ಕೊಕ್ಕರೆಯ ತಲೆಗಳು. ಬಲಗಡೆ ಕ್ರ್ಯಾಂಕಿಗೆ ಅಂಟಿಕೊಂಡೇ ಬರುತ್ತಿದ್ದ ಅದನ್ನು ಕಾಟರ್ ಪಿನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತಿದ್ದರು. ಮುಂದೆ ಇದ್ದದ್ದು ಒಂದೇ ಚಕ್ರ, ಚೈನು ಪಕ್ಕಕ್ಕೆ ಹೋಗುವ ಮಾತೇ ಇಲ್ಲ. ಹಾಗಾಗಿ ಹಲ್ಲಿನ ಆಕಾರಕ್ಕೆ ಇದ್ದದ್ದು ಒಂದೇ ಕೆಲಸ, ಚೈನನ್ನು ಬಿಗಿಯಾಗಿ ಹಿಡಿಯುವುದು. 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ನಮ್ಮ ಸರ್ಕಾರ ಕೊಟ್ಟ ಸೈಕಲ್ಲಿನಲ್ಲೂ ಮುಂದೆ ಒಂದೇ ಚಕ್ರ. ಹಲ್ಲು ಎಣಿಸಿ ಕೊಂಡರೆ ಮುಗಿಯಿತು ಅನ್ನುವ ಅಭ್ಯಾಸ ಹುಟ್ಟಿದ್ದು ಇಲ್ಲಿ.

ಅತ್ತ ಯುರೋಪಿನಲ್ಲಿ ಬೇರೆಯದೇ ಗಲಾಟೆ ನಡೆದಿತ್ತು. ಫ್ರಾನ್ಸಿನ ಸೇಂಟ್ ಎಟಿಯೆನ್‌ನಲ್ಲಿದ್ದ ಪಾಲ್ ದ ವಿವಿ ಅನ್ನುವವರು 20ನೇ ಶತಮಾನದ ಆರಂಭದಲ್ಲೇ ಮುಂದೆ ಎರಡು ಚಕ್ರ ಹಾಕಿ ನೋಡಿದ್ದರು. ಗುಡ್ಡ ಬಂದರೆ ಇಳಿದು, ಚೈನನ್ನು ಕೈಯಲ್ಲಿ ಎತ್ತಿ ಚಿಕ್ಕದಕ್ಕೆ ಹಾಕುವುದು! ಟೂರ್ ಡಿ ಫ್ರಾನ್ಸ್ ನಡೆಸುತ್ತಿದ್ದ ಆನ್ರಿ ದೆಗ್ರಾಂಜ್ ಅವರಿಗೆ ಗೇರು ಕಂಡರೆ ಆಗುತ್ತಿರಲಿಲ್ಲ. ಅದು ವಯಸ್ಸಾದವರಿಗೆ, ರೇಸಿನವರಿಗಲ್ಲ ಅನ್ನುವುದು ಅವರ ನಿಲುವು. ಟೂರಿನಲ್ಲಿ ಚೈನು ಪಕ್ಕಕ್ಕೆ ಸರಿಸುವ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಜಗತ್ತಿನ ದೊಡ್ಡ ದೊಡ್ಡ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಗಾಲಿಯ ಎರಡೂ ಪಕ್ಕ ಬೇರೆ ಬೇರೆ ಅಳತೆಯ ಹಲ್ಲು ಇರುತ್ತಿದ್ದವು.

ಮುಂದಿನ ಡಿರೇಲರ್ ಅಂದರೆ ಚೈನನ್ನು ಎರಡೂ ಪಕ್ಕದಿಂದ ಹಿಡಿದು ಅತ್ತಿತ್ತ ತಳ್ಳುವ ಸಣ್ಣ ಪಂಜರ. ಮೊದಮೊದಲು ಅದರ ಲಿವರ್ ಸೀಟಿನ ಕೆಳಗಿನ ಪೈಪಿನ ಮೇಲೇ ಇರುತ್ತಿತ್ತು. ಓಡುತ್ತಿರುವಾಗ ಕಾಲುಗಳ ನಡುವೆ ಕೈ ಇಳಿಸಬೇಕು. ಆಮೇಲೆ ಕೇಬಲ್ ಬಂತು, ಲಿವರ್ ಮುಂದಿನ ಓರೆ ಪೈಪಿಗೆ (ಡೌನ್ ಟ್ಯೂಬ್) ಹೋಯಿತು. ಆದರೆ ಚಕ್ರದ ಹಲ್ಲು ಮಾತ್ರ ಸಾದಾ. ಪಂಜರ ಚೈನನ್ನು ದೊಡ್ಡ ಚಕ್ರದ ಮೈಗೆ ಒತ್ತುತ್ತದೆ, ಯಾವುದಾದರೂ ಒಂದು ಹಲ್ಲಿಗೆ ಸಿಕ್ಕುವ ತನಕ ಚೈನು ಉಜ್ಜುತ್ತಲೇ ಇರುತ್ತದೆ. ಸವಾರ ಲಿವರನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಎಳೆದು, ಚೈನು ಹತ್ತಿದ ಸದ್ದು ಕೇಳಿ, ಮತ್ತೆ ಸ್ವಲ್ಪ ಬಿಡುತ್ತಿದ್ದ. ಚಕ್ರದ ಕೊರತೆಯನ್ನು ಬೆರಳು ತುಂಬಿಕೊಡುತ್ತಿತ್ತು.

1984ರಲ್ಲಿ ಜಪಾನಿನ ಶಿಮಾನೊ ಹಿಂದಿನ ಗೇರಿಗೆ ಕ್ಲಿಕ್ ತಂದಿತು. 1990ರ ಹೊತ್ತಿಗೆ ಬ್ರೇಕಿನ ಲಿವರಿನೊಳಗೇ ಗೇರು ಬಂತು. ಸವಾರ ಈಗ ಹ್ಯಾಂಡಲ್ ಬಿಡಬೇಕಿಲ್ಲ, ಒಂದು ಕ್ಲಿಕ್ ಮಾಡಿದರೆ ಪಂಜರ ಗೊತ್ತಾದಷ್ಟೇ ದೂರ ಸರಿಯುತ್ತದೆ. ಹಳೆಯ ಹಾಗೆ ತನಗೆ ಬೇಕಾದಷ್ಟು ಎಳೆದು, ಕೂದಲೆಳೆಯಷ್ಟು ಬಿಡುವ ಸ್ವಾತಂತ್ರ್ಯ ಹೋಯಿತು. ಬೆರಳು ಮಾಡುತ್ತಿದ್ದ ಕೆಲಸವನ್ನು ಚಕ್ರವೇ ಮಾಡಬೇಕಾಯಿತು. ನಮ್ಮ ಪ್ರಕಾರ ಈ ಕತೆಯ ತಿರುವು ಇದೇ.

ಇವತ್ತಿನ ದೊಡ್ಡ ಚೈನ್‌ರಿಂಗನ್ನು ಬಿಚ್ಚಿ ಒಳಮೈ ನೋಡಿ. ಕೆಲವು ಕಡೆ ಸಣ್ಣ ಉಕ್ಕಿನ ಮೊಳೆಗಳು, ಅವುಗಳ ಹತ್ತಿರ ಇಳಿಜಾರಾಗಿ ಕೊರೆದ ಜಾಗ, ಅಲ್ಲಲ್ಲಿ ಮೋಟಾದ, ಒಂದು ಪಕ್ಕಕ್ಕೆ ಸವರಿದ ಹಲ್ಲು. ಇದನ್ನು ಸವೆತ ಅಂದುಕೊಂಡು ರಿಂಗು ಎಸೆದವರೂ ಇದ್ದಾರೆ. ಅದು ಸವೆತವಲ್ಲ, ಏಣಿ. ಮೊಳೆ ಚೈನಿನ ಪಕ್ಕದ ತಗಡನ್ನು ಹಿಡಿದು ಎತ್ತುತ್ತದೆ, ಇಳಿಜಾರು ಚೈನಿಗೆ ಜಾಗ ಕೊಡುತ್ತದೆ, ಮೋಟು ಹಲ್ಲು ದಾರಿ ಬಿಡುತ್ತದೆ. ಪೆಡಲ್ಲು ಮೇಲೆ ಕೆಳಗೆ ಇರುವ ಗಳಿಗೆಯಲ್ಲಿ ಕಾಲಿನ ಒತ್ತಡ ಕಡಿಮೆ ಇರುತ್ತದೆ, ಆ ಗಳಿಗೆಗೆ ಹೊಂದುವಂತೆ ಏಣಿಗಳನ್ನು ಇಟ್ಟಿರುತ್ತಾರೆ.

ಚೈನು ಚಿಕ್ಕ ಚಕ್ರದ ಕೊನೆಯ ಹಲ್ಲನ್ನು ಬಿಟ್ಟು ದೊಡ್ಡ ಚಕ್ರದ ಮೊದಲ ಹಲ್ಲಿಗೆ ಕೂರುವಾಗ ನಡುವಿನ ದೂರಕ್ಕೆ ಕೊಂಡಿಗಳು ಸರಿಯಾಗಿ ಹೊಂದಬೇಕು, ಅರ್ಧ ಕೊಂಡಿ ಅನ್ನುವುದು ಇಲ್ಲವಲ್ಲ. ಆದ್ದರಿಂದ 34ರ ಜೊತೆಗೆ ಮಾಡಿದ 50ರ ರಿಂಗಿನಲ್ಲಿ ಏಣಿಗಳ ಜಾಗವೇ ಬೇರೆ, 39ರ ಜೊತೆಗೆ ಮಾಡಿದ 53ರಲ್ಲಿ ಬೇರೆ. ಒಳಗೆ 39 ಇಟ್ಟುಕೊಂಡು ಹೊರಗೆ 34ರ ಜೋಡಿಯ 50 ಹಾಕಿದರೆ ಹಲ್ಲೂ ಸರಿ, ತೂತೂ ಸರಿ ಇರಬಹುದು, ಏಣಿ ಮಾತ್ರ ತಪ್ಪಿದ ಕಡೆ ಇರುತ್ತದೆ. ಗೇರು ಬೀಳಬಹುದು, ಮೃದುವಾಗಿ ಬೀಳುವುದಿಲ್ಲ. ಕೊಳ್ಳುವಾಗ ರಿಂಗಿನ ಮೇಲೆ 50-34, 52-36, 53-39 ಹೀಗೆ ಜೋಡಿ ಬರೆದಿದೆಯಾ ನೋಡಿ. ಆಗುವುದಾದರೆ ಎರಡನ್ನೂ ಒಟ್ಟಿಗೆ, ಒಂದೇ ಕಂಪನಿಯದು ತೆಗೆದುಕೊಳ್ಳಿ. ದುಡ್ಡಿಲ್ಲದಿದ್ದರೆ ಸವೆದ ಒಂದನ್ನು ಅದೇ ಜೋಡಿಯ ಗುರುತಿನದರಿಂದ ಬದಲಿಸಿ.

ಕಾಮಾಕ್ಷಿಪಾಳ್ಯ, ಪೀಣ್ಯದ ಶೆಡ್ಡುಗಳಲ್ಲಿ ಯಾವ ಗೇರು ಬೇಕಾದರೂ ಕತ್ತರಿಸಿಕೊಡುತ್ತಾರೆ, ಅಲ್ಲಿಯೇ ಒಂದು ರಿಂಗು ಮಾಡಿಸಬಾರದೇ ಅಂತ ನಮ್ಮನ್ನು ಕೇಳುವವರಿದ್ದಾರೆ. ಒಂದೇ ಚಕ್ರದ ಸೈಕಲ್ಲಿಗಾದರೆ ಧಾರಾಳವಾಗಿ ಮಾಡಿಸಿ. ಆ ಕೆಲಸಗಾರರ ಕೈಚಳಕದ ಬಗ್ಗೆ ನಮಗೆ ಗೌರವವಿದೆ. ಆದರೆ ಲೇಸರಿನಲ್ಲಿ ಕತ್ತರಿಸಿದ ತಗಡಿನ ಎರಡೂ ಮೈ ಸಪಾಟು, ಮೊಳೆ ಇಲ್ಲ, ಇಳಿಜಾರಿಲ್ಲ. ತೆಳುವಾದರೆ ಪಂಜರ ಒತ್ತಿದಾಗ ರಿಂಗೇ ಬಾಗುತ್ತದೆ. ಅದು 1980ರ ಚಕ್ರ, ಅದಕ್ಕೆ 1980ರ ಲಿವರೇ ಬೇಕು.

ತೂತಿನ ಕತೆ ಇನ್ನೂ ಕಿರಿಕಿರಿಯದು. ಬೋಲ್ಟುಗಳ ನಡುವಿನ ವೃತ್ತದ ಅಗಲವನ್ನು ಕಂಪನಿಗಳು ಕಾಲಕಾಲಕ್ಕೆ ಬದಲಿಸಿವೆ. ಇಟಲಿಯ ಕಂಪಾನ್ಯೋಲೋ 144 ಮಿ.ಮೀ. ಇಟ್ಟಿತ್ತು, ಆಮೇಲೆ 135ಕ್ಕೆ ಇಳಿಯಿತು. ಶಿಮಾನೊ ರೋಡ್ ಬೈಕಿನಲ್ಲಿ ಬಹುಕಾಲ 130 ನಡೆಯಿತು. 130ರಲ್ಲಿ 38 ಹಲ್ಲಿಗಿಂತ ಚಿಕ್ಕದು ಕೂರುವುದಿಲ್ಲ, ಆದ್ದರಿಂದ ಬೆಟ್ಟ ಹತ್ತುವವರಿಗಾಗಿ 110 ಬಂತು, 34 ಕೂತಿತು. 2012ರಲ್ಲಿ ಶಿಮಾನೊ ಐದು ತೋಳು ಬಿಟ್ಟು ನಾಲ್ಕು ತೋಳು ಮಾಡಿತು. ಅದೂ 110ವೇ, ಆದರೆ ಹಳೆಯ ಐದು ತೂತಿನ 110 ಅದಕ್ಕೆ ಕೂರುವುದಿಲ್ಲ. ಹೀಗೆ ಪದೇ ಪದೇ ಬದಲಿಸಿದ್ದರಲ್ಲಿ ಸವಾರನ ಅನುಕೂಲ ಎಷ್ಟು, ವ್ಯಾಪಾರ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಐದು ತೂತಿನದಾದರೆ ಅಕ್ಕಪಕ್ಕದ ಎರಡು ಬೋಲ್ಟಿನ ನಡುವಿನಿಂದ ನಡುವಿಗೆ ಸ್ಕೇಲ್ ಇಡಿ: 64.7 ಮಿ.ಮೀ. ಬಂದರೆ 110, 76.4 ಬಂದರೆ 130, 79.4 ಬಂದರೆ 135.

ಈಗ ಇನ್ನೊಂದು ಬಗೆಯ ರಿಂಗು ಕೂಡ ಮಾರುಕಟ್ಟೆಯಲ್ಲಿದೆ. ಒಂದು ಹಲ್ಲು ದಪ್ಪ, ಒಂದು ತೆಳು. ನೋಡಲು ಚೆಂದ, ಚೈನು ಬೀಳದಂತೆ ಹಿಡಿಯುತ್ತದೆ. ಆದರೆ ಅದು ಮುಂದೆ ಒಂದೇ ರಿಂಗು ಇರುವ ಬೈಕಿಗೆ. ಬಿಡಬಾರದು ಅಂತಲೇ ಮಾಡಿದ ಹಲ್ಲು ಚೈನನ್ನು ಪಕ್ಕಕ್ಕೆ ಬಿಟ್ಟುಕೊಡುತ್ತದೆಯೇ?

ಸರಿಯಾದ ಜೋಡಿ ತಂದರೂ ಕೂರಿಸುವಾಗ ತಿರುಗಿಸಿ ಹಾಕಿದರೆ ದುಡ್ಡು ದಂಡ. ದೊಡ್ಡ ರಿಂಗಿನ ಹೊರಮೈಯಲ್ಲಿ ಒಂದು ಗಟ್ಟಿ ಮೊಳೆ ಎದ್ದು ನಿಂತಿರುತ್ತದೆ. ಅದು ಕ್ರ್ಯಾಂಕಿನ ತೋಳಿನ ಹಿಂದೆಯೇ ಬರಬೇಕು. ಚೈನು ಆಚೆ ಬಿದ್ದರೆ ತೋಳಿಗೂ ರಿಂಗಿಗೂ ನಡುವೆ ಸಿಕ್ಕಿಕೊಳ್ಳದ ಹಾಗೆ ಅದು ತಡೆಯುತ್ತದೆ. ಚಿಕ್ಕ ರಿಂಗಿನಲ್ಲೂ ಒಳಕ್ಕೆ ಚಾಚಿದ ಸಣ್ಣ ಗುರುತು ಇದ್ದರೆ ಅದೂ ತೋಳಿನ ನೇರಕ್ಕೆ. ಐದು ತೂತಿನ ರಿಂಗನ್ನು ಐದು ರೀತಿಯಲ್ಲಿ ಕೂರಿಸಬಹುದು, ಸರಿಯಾದದ್ದು ಒಂದೇ. 53 ತೆಗೆದು 50 ಹಾಕಿದರೆ ಪಂಜರವನ್ನೂ ಅಷ್ಟೇ ಕೆಳಗಿಳಿಸಿ. ಪಂಜರದ ಹೊರಗಿನ ತಗಡಿಗೂ ಹಲ್ಲಿನ ತುದಿಗೂ ನಡುವೆ ಒಂದು ರೂಪಾಯಿ ನಾಣ್ಯ ನುಸುಳಿದರೆ ಸಾಕು.

ಇಷ್ಟೆಲ್ಲ ಮಾಡುವ ಮೊದಲು ಚೈನು ನೋಡಿ. ಸವೆದ ಚೈನು ಹೊಸ ರಿಂಗನ್ನೂ ತಿನ್ನುತ್ತದೆ. ರೋವರ್ ಸೈಕಲ್ಲಿನ ಕಾಲದಿಂದ ಎಷ್ಟೋ ಬದಲಾದರೂ ಇವತ್ತಿನ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಕಪ್ಪು ಸೈಕಲ್ಲಿನಲ್ಲೂ ಅಷ್ಟೇ. 24 ಕೊಂಡಿಗೆ ಸರಿಯಾಗಿ 12 ಇಂಚು. ಸ್ಟೀಲ್ ಸ್ಕೇಲ್ ಇಟ್ಟು ಅಳೆದಾಗ ಪಿನ್ನು 12ನೇ ಇಂಚನ್ನು ಒಂದೂವರೆ ಮಿ.ಮೀ. ದಾಟಿದ್ದರೆ ಚೈನು ಬದಲಿಸಿ, ರಿಂಗು ಉಳಿಯಬಹುದು. ಮೂರು ಮಿ.ಮೀ. ದಾಟಿದ್ದರೆ ಹಿಂದಿನ ಗೇರುಗಳೂ ಹೋಗಿರುತ್ತವೆ, ಬೈಕು ಕೊಳ್ಳುವ ಮುಂಚೆ ಆ ಲೆಕ್ಕವನ್ನೂ ಹಿಡಿದು ಚೌಕಾಸಿ ಮಾಡಿ.