ಸೂರ್ಯ ಮುಳುಗದ ನಾಡಿನಲ್ಲಿ ಬೆಂಗಳೂರಿನ ದೂರದರ್ಶಕ

ಏಪ್ರಿಲ್ ಕೊನೆಯ ವಾರ ಚನ್ನಪಟ್ಟಣದಲ್ಲಿ ನಡುಹಗಲ ಸೂರ್ಯ ನೇರ ನೆತ್ತಿಗೇರುತ್ತಾನೆ. ಬೊಂಬೆ ಕಡೆಯುವವರ ಬೀದಿಯಲ್ಲಿ ಮರದ ನೆರಳು ಬುಡಕ್ಕೆ ಸರಿಯುತ್ತದೆ. ಎಂಥ ಬಿರುಬೇಸಿಗೆಯಾದರೂ ಸಂಜೆ ಏಳರೊಳಗೆ ಅವನು ಮುಳುಗಲೇಬೇಕು. ಈ ಮುಳುಗುವಿಕೆ ಸೂರ್ಯನನ್ನೇ ಅಭ್ಯಸಿಸುವವರಿಗೆ ಬಹುಕಾಲ ದೊಡ್ಡ ತೊಡಕಾಗಿತ್ತು. ಅದರಿಂದ ಪಾರಾಗಲು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ತಂಡವೊಂದು 1989–90ರಲ್ಲಿ ಅಂಟಾರ್ಕ್ಟಿಕಕ್ಕೇ ಹೋಯಿತು.

ಸೂರ್ಯನ ಮೇಲ್ಮೈ ಕುದಿಯುವ ಎಸರಿನಂಥದು. ಬಿಸಿ ಅನಿಲ ಮೇಲೆದ್ದು, ಬದಿಗೆ ಹರಿದು, ಅಂಚಿನಲ್ಲಿ ಕೆಳಗಿಳಿಯುತ್ತದೆ. ಹೀಗೆ ಉಂಟಾಗುವ ದೊಡ್ಡ ಕೋಶಗಳ ಅಡ್ಡಳತೆ ಸುಮಾರು 30,000 ಕಿ.ಮೀ. ಎರಡು ಭೂಮಿಗಳನ್ನು ಪಕ್ಕಪಕ್ಕದಲ್ಲಿಟ್ಟರೂ ಜಾಗ ಮಿಗುತ್ತದೆ. ಕ್ಯಾಲ್ಸಿಯಂ ಸೂಸುವ ನೇರಳೆ ಬೆಳಕಿನಲ್ಲಿ ಚಿತ್ರ ತೆಗೆದರೆ ಕೋಶಗಳ ಅಂಚುಗಳು ಹೊಳೆಯುವ ಬಲೆಯಂತೆ ಕಾಣುತ್ತವೆ. ಒಂದು ಕೋಶದ ಆಯಸ್ಸೆಷ್ಟು? ಸುಮಾರು ಒಂದು ದಿನವೆಂಬ ಅಂದಾಜಿತ್ತು. ಆದರೆ ಇದೇ ಸಂಸ್ಥೆಯ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಹತ್ತು ಹನ್ನೆರಡು ಗಂಟೆ ನೋಡುವಷ್ಟರಲ್ಲಿ ಕತ್ತಲಾಗುತ್ತಿತ್ತು. ಮರುದಿನ ಕಂಡದ್ದು ನಿನ್ನೆಯ ಕೋಶವೋ ಹೊಸದೋ ಎಂದು ಹೇಳುವುದು ಕಷ್ಟವಾಗಿತ್ತು.

ಅಂಟಾರ್ಕ್ಟಿಕದೊಡನೆ ಭಾರತದ ನಂಟು ಆಗಿನ್ನೂ ಹೊಸದು. ಎಸ್.ಜೆಡ್. ಖಾಸಿಂ ನೇತೃತ್ವದ ಮೊದಲ ತಂಡ 1981ರ ಡಿಸೆಂಬರ್‌ನಲ್ಲಿ ಗೋವೆಯಿಂದ ಹೊರಟು 1982ರ ಜನವರಿ 9ರಂದು ಅಲ್ಲಿ ಇಳಿದಿತ್ತು. 1983–84ರಲ್ಲಿ ಕಟ್ಟಿದ ದಕ್ಷಿಣ ಗಂಗೋತ್ರಿ ನೆಲೆ ಹಿಮದ ಹಾಸಿನ ಮೇಲಿದ್ದುದರಿಂದ ಕ್ರಮೇಣ ಹಿಮದಲ್ಲೇ ಹೂತುಹೋಗತೊಡಗಿತು. ಹಾಗಾಗಿ ಶಿರ್ಮಾಕರ್ ಓಯಸಿಸ್‌ನ ಬಂಡೆನೆಲದ ಮೇಲೆ ‘ಮೈತ್ರಿ’ ಎದ್ದು ನಿಂತಿತು. 1989ರಲ್ಲಿ ಕಾರ್ಯಾರಂಭ ಮಾಡಿದ ಈ ನೆಲೆಗೆ ಕುಡಿಯುವ ನೀರು ಪಕ್ಕದ ಪ್ರಿಯದರ್ಶಿನಿ ಸರೋವರದ್ದು.

ಅಲ್ಲಿಯ ಬೇಸಿಗೆ ನಮ್ಮ ಚಳಿಗಾಲದ ಹೊತ್ತಿಗೆ. ಸಮುದ್ರದ ಹಿಮ ಸಡಿಲವಾದಾಗ ಹಡಗು ಬರಬೇಕು, ಮತ್ತೆ ಹೆಪ್ಪುಗಟ್ಟುವ ಮುನ್ನ ಮರಳಬೇಕು. ಸಿಗುವ ಎರಡು ಮೂರು ತಿಂಗಳಲ್ಲೇ ಇಡೀ ವರ್ಷದ ಇಂಧನ, ದವಸ, ಯಂತ್ರಭಾಗಗಳನ್ನು ಹೆಲಿಕಾಪ್ಟರ್ ಮತ್ತು ಪಟ್ಟಿಚಕ್ರದ ವಾಹನಗಳಲ್ಲಿ ನೆಲೆಗೆ ಸಾಗಿಸಬೇಕು. ದುರಸ್ತಿ, ಭೂವಿಜ್ಞಾನಿಗಳ ಬೆಟ್ಟ ಸುತ್ತಾಟ, ಹವಾಮಾನದ ಅಳತೆ ಎಲ್ಲವೂ ಈ ಅವಧಿಯಲ್ಲೇ ನಡೆಯಬೇಕು. ನವೆಂಬರ್ ಕೊನೆಯಿಂದ ಜನವರಿ ಮೂರನೇ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ನೆತ್ತಿಗಂತೂ ಏರುವುದಿಲ್ಲ, ಬಾನಿನ ಅಂಚಿಗೆ ಪ್ರದಕ್ಷಿಣೆ ಹಾಕುತ್ತಾನೆ. ನಿದ್ದೆ ಬೇಕಾದವರು ಕಿಟಕಿ ಮುಚ್ಚಿ ರಾತ್ರಿ ಮಾಡಿಕೊಳ್ಳಬೇಕು.

ಬೆಂಗಳೂರಿನ ತಂಡಕ್ಕೆ ಬೇಕಾಗಿದ್ದುದು ಈ ಬೆಳಕೇ. ಒಂಬತ್ತನೇ ಯಾತ್ರೆಯೊಡನೆ ಹೋದ ಜಗದೇವ್ ಸಿಂಗ್ ಮತ್ತು ಸಂಗಡಿಗರು ಮೈತ್ರಿಯಲ್ಲಿ ದೂರದರ್ಶಕ ಹೂಡಿ, ಬಾನು ತಿಳಿಯಾಗಿದ್ದಾಗ ನಡುರಾತ್ರಿಯಲ್ಲೂ ಬಿಡದೆ ಚಿತ್ರ ತೆಗೆದರು. ಹುಟ್ಟಿದ ಕೋಶವನ್ನು ಅದು ಅಳಿಯುವವರೆಗೂ ಹಿಂಬಾಲಿಸುವುದು ಹೀಗೆ ಸಾಧ್ಯವಾಯಿತು. ಸೂರ್ಯನ ಶಾಂತ ಭಾಗಗಳಲ್ಲಿ ಕೋಶಗಳ ಆಯಸ್ಸು ಹೆಚ್ಚುಕಡಿಮೆ ಒಂದು ದಿನವೆಂದೂ, ಕಾಂತಕ್ಷೇತ್ರ ಪ್ರಬಲವಾಗಿರುವ ಕಡೆ ಅವು ಇನ್ನೂ ಹೆಚ್ಚು ಬಾಳುತ್ತವೆಂದೂ ತಿಳಿಯಿತು.

ಆ ಬೇಸಿಗೆ ಒಂದು ಕಹಿಯನ್ನೂ ಉಳಿಸಿತು. ಅದೇ ಯಾತ್ರೆಯ ನಾಲ್ವರು ಸದಸ್ಯರು 1990ರ ಜನವರಿಯಲ್ಲಿ ಹಂಬೋಲ್ಟ್ ಪರ್ವತಗಳ ಶಿಬಿರದಲ್ಲಿ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಲಿಯಾದರು. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ವಿಷ ಅದು. ಕೊರೆಯುವ ಗಾಳಿಗೆ ಅಂಜಿ ಗೂಡು ಮುಚ್ಚಿಕೊಂಡಷ್ಟೂ ಈ ಅಪಾಯ ಹೆಚ್ಚು. ಬೆಳಕು ಆರದ ಆ ನಾಡಿನಲ್ಲಿ ಬೇಸಿಗೆಯ ಕೆಲಸವೂ ಜೀವವನ್ನು ಪಣಕ್ಕಿಟ್ಟು ಮಾಡುವಂಥದೆಂದು ದೇಶಕ್ಕೆ ಆಗ ಮನವರಿಕೆಯಾಯಿತು.

ಸೂರ್ಯಾಸ್ತವಿಲ್ಲದ ತಾಣದ ಹುಡುಕಾಟ ಅಲ್ಲಿಗೇ ನಿಲ್ಲಲಿಲ್ಲ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ತನ್ನ ಕಕ್ಷೆ ಸೇರಿತು. ಅಲ್ಲಿಂದ ಸೂರ್ಯನಿಗೆ ಮರೆಯೂ ಇಲ್ಲ, ಮುಳುಗೂ ಇಲ್ಲ. ನೌಕೆಯ ಪ್ರಧಾನ ಉಪಕರಣ ಸಿದ್ಧವಾದದ್ದು ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ. ಅದರ ಕಲ್ಪನೆಗೆ ಆರಂಭದಲ್ಲಿ ದುಡಿದವರಲ್ಲಿ ಜಗದೇವ್ ಸಿಂಗ್ ಪ್ರಮುಖರು. ಹಿಮದ ನೆಲದಲ್ಲಿ ಕೆಲವೇ ವಾರ ಸಿಕ್ಕಿದ್ದ ಎಡೆಬಿಡದ ಹಗಲು ಆಕಾಶದಲ್ಲಿ ಈಗ ವರ್ಷಪೂರ್ತಿ ದಕ್ಕಿದೆ.