ರೋಮ್ ಒಲಿಂಪಿಕ್ ಕೂಟದ ನೂರು ಮೀಟರು ಈಜು (1960): ಸಾಕ್ಷ್ಯ ಮತ್ತು ತೀರ್ಪು

ಇತಿಹಾಸದ ವಿದ್ಯಾರ್ಥಿಗಳು ಸಾಕ್ಷ್ಯವಿಮರ್ಶೆಯನ್ನು ಸಾಮಾನ್ಯವಾಗಿ ಶಾಸನ, ಕೈಫಿಯತ್ತು, ಪ್ರವಾಸಿಗರ ಬರೆಹ ಮೊದಲಾದವುಗಳ ಮೂಲಕ ಕಲಿಯುತ್ತಾರೆ. ಅಲ್ಲಿ ಸಾಕ್ಷಿಗಳು ವಿರಳ. ಘಟನೆ ನಡೆದು ಶತಮಾನಗಳು ಕಳೆದಿರುತ್ತವೆ. ಆದುದರಿಂದ ನಿರ್ಣಯ ಕಷ್ಟವೆಂದು ನಾವು ಹೇಳುತ್ತೇವೆ. ಆದರೆ ಸಾಕ್ಷಿಗಳು ಬೇಕಾದಷ್ಟು ಮಂದಿಯಿದ್ದು, ಅವರೆಲ್ಲರೂ ನೋಡುವುದಕ್ಕಾಗಿಯೇ ನೇಮಕಗೊಂಡವರಾಗಿದ್ದು, ಘಟನೆಯು ಅವರ ಕಣ್ಣೆದುರಿಗೆ ಒಂದು ನಿಮಿಷದೊಳಗೆ ಮುಗಿದುಹೋದರೆ ನಿರ್ಣಯವು ಸುಲಭವಾಗುವುದೆ? 1960ರಲ್ಲಿ ರೋಮ್ ನಗರದ ಒಲಿಂಪಿಕ್ ಕ್ರೀಡಾಕೂಟದಲ್ಲಿ ನಡೆದ ಪುರುಷರ ನೂರು ಮೀಟರು ಫ್ರೀಸ್ಟೈಲ್ ಈಜಿನ ಅಂತಿಮ ಸ್ಪರ್ಧೆಯು ಈ ಪ್ರಶ್ನೆಗೆ ಒಳ್ಳೆಯ ನಿದರ್ಶನವಾಗಿದೆ. ಆ ಸ್ಪರ್ಧೆಯ ಸಾಕ್ಷ್ಯಗಳನ್ನು ಒಂದೊಂದಾಗಿ ತೂಗಿ ನೋಡುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಆಧುನಿಕ ಒಲಿಂಪಿಕ್ ಕೂಟದ ಮೊದಲನೆಯ ವರ್ಷವಾದ 1896ರಲ್ಲಿಯೇ ನೂರು ಮೀಟರು ಈಜು ಅದರಲ್ಲಿ ಸೇರಿತ್ತು. ಆಗ ಸ್ಪರ್ಧೆ ನಡೆದದ್ದು ಗ್ರೀಸಿನ ಸಮುದ್ರತೀರದ ಕೊಲ್ಲಿಯೊಂದರ ತಣ್ಣೀರಿನಲ್ಲಿ. ಹಂಗೆರಿಯ ಆಲ್ಫ್ರೆಡ್ ಹಾಯೋಶ್ 1 ನಿಮಿಷ 22.2 ಸೆಕೆಂಡುಗಳಲ್ಲಿ ಗೆದ್ದರು. ಫ್ರೀಸ್ಟೈಲ್ ಎಂದರೆ ಈಜುಗಾರನು ತನಗೆ ಇಷ್ಟಬಂದ ರೀತಿಯಲ್ಲಿ ಈಜಬಹುದೆಂದು ಅರ್ಥ. ಆದರೆ ಅತ್ಯಂತ ವೇಗದ ರೀತಿ ಕ್ರಾಲ್ ಆದುದರಿಂದ ಕ್ರಮೇಣ ಎಲ್ಲರೂ ಅದನ್ನೇ ಅವಲಂಬಿಸಿದರು. 1922ರಲ್ಲಿ ಅಮೆರಿಕದ ಜಾನಿ ವೈಸ್‌ಮುಲ್ಲರ್ ಈ ದೂರವನ್ನು ಮೊತ್ತಮೊದಲಿಗೆ ಒಂದು ನಿಮಿಷದೊಳಗೆ ಈಜಿದರು. 1960ರ ವೇಳೆಗೆ ಒಲಿಂಪಿಕ್ ವಿಜೇತನ ಕಾಲವು ಹಾಯೋಶರ ಕಾಲಕ್ಕಿಂತ 27 ಸೆಕೆಂಡುಗಳಷ್ಟು ಕಡಿಮೆಯಾಗಿತ್ತು.

ಈಜುಗಾರರು ಹೀಗೆ ಮುಂದುವರಿದರೂ ಅವರನ್ನು ಅಳೆಯುವ ವಿಧಾನವು ಬಹುಮಟ್ಟಿಗೆ ಹಿಂದಿನಂತೆಯೇ ಉಳಿದಿತ್ತು. ಯಾರು ಮೊದಲನೆಯವರೆಂಬುದನ್ನು ಗೋಡೆಯ ಬಳಿಯಿದ್ದ ತೀರ್ಪುಗಾರರು ಕಣ್ಣಿನಿಂದ ನೋಡಿ ಹೇಳಬೇಕಾಗಿತ್ತು. ಪ್ರತಿಯೊಬ್ಬ ಈಜುಗಾರನ ಕಾಲವನ್ನು ಬೇರೆ ಮೂವರು ಸ್ಟಾಪ್‌ವಾಚ್ ಹಿಡಿದು ಗುರುತಿಸಬೇಕಾಗಿತ್ತು. ಸ್ಥಾನವನ್ನು ನಿರ್ಣಯಿಸುವ ಅಧಿಕಾರವು ಕಣ್ಣಿಗೆ ಸೇರಿದ್ದೇ ಹೊರತು ಗಡಿಯಾರಕ್ಕೆ ಸೇರಿದ್ದಲ್ಲ. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು.

ಸ್ಪರ್ಧೆ

ಅಂತಿಮ ಸ್ಪರ್ಧೆಯು 1960ರ ಆಗಸ್ಟ್ 27ರಂದು ನಡೆಯಿತು. ಆಸ್ಟ್ರೇಲಿಯದ ಜಾನ್ ಡೆವಿಟ್ 1956ರ ಮೆಲ್ಬರ್ನ್ ಕೂಟದಲ್ಲಿ ಇದೇ ಸ್ಪರ್ಧೆಯಲ್ಲಿ ಎರಡನೆಯವರಾಗಿದ್ದರು. ವಿಶ್ವದಾಖಲೆಯೂ ಅವರ ಹೆಸರಿನಲ್ಲಿತ್ತು. ಮೆಲ್ಬರ್ನ್‌ನಲ್ಲಿ ಗೆದ್ದಿದ್ದ ಅವರ ದೇಶೀಯರಾದ ಜಾನ್ ಹೆನ್ರಿಕ್ಸ್ ಈ ಬಾರಿ ಅಂತಿಮ ಸ್ಪರ್ಧೆಗೆ ಬರಲಾಗಲಿಲ್ಲ. ಅಮೆರಿಕದವರು ಬಹಳವಾಗಿ ನೆಚ್ಚಿದ್ದ ಜೆಫ್ ಫ್ಯಾರೆಲ್ ಆಯ್ಕೆಯ ಸ್ಪರ್ಧೆಗೆ ಕೆಲವೇ ದಿನಗಳ ಮೊದಲು ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಗೆ ಒಳಗಾದುದರಿಂದ ಈ ಸ್ಪರ್ಧೆಯಲ್ಲಿ ಅವರಿಗೆ ಸ್ಥಾನ ದೊರೆಯಲಿಲ್ಲ. ಅಮೆರಿಕದ ಪರವಾಗಿ ಕಣದಲ್ಲಿ ಉಳಿದವರಲ್ಲಿ ಇಪ್ಪತ್ತು ವರ್ಷದ ಲ್ಯಾನ್ಸ್ ಲಾರ್ಸನ್ ಪ್ರಮುಖರಾಗಿದ್ದರು.

ಐವತ್ತು ಮೀಟರಿನ ತಿರುವಿನಲ್ಲಿ ಬ್ರೆಜಿಲ್ ದೇಶದ ಮಾನ್ವೆಲ್ ದೋಸ್ ಸಾಂತೋಸ್ ಮುಂದಿದ್ದರು. ಹಿಂದಿರುಗುವಾಗ ಅಕ್ಕಪಕ್ಕದ ಪಥಗಳಲ್ಲಿದ್ದ ಡೆವಿಟ್ ಮತ್ತು ಲಾರ್ಸನ್ ಅವರನ್ನು ದಾಟಿ ಬಹುತೇಕ ಒಟ್ಟಿಗೆ ಗೋಡೆಯನ್ನು ಮುಟ್ಟಿದರು. ದೋಸ್ ಸಾಂತೋಸ್ ಮೂರನೆಯವರಾದರು. ಡೆವಿಟ್ ತಾವು ಸೋತೆವೆಂದು ಭಾವಿಸಿ ಲಾರ್ಸನ್ನರನ್ನು ಅಭಿನಂದಿಸಿದರೆಂದು ತಿಳಿದುಬರುತ್ತದೆ. ಈಜುಗಾರರಿಗೆ ಅದರೊಂದಿಗೆ ಸ್ಪರ್ಧೆ ಮುಗಿದಂತೆ ಕಂಡಿತು. ಆದರೆ ಅಧಿಕಾರಿಗಳಿಗೆ ಅಲ್ಲಿಂದಲೇ ಕಷ್ಟ ಆರಂಭವಾಯಿತು.

ಸಾಕ್ಷ್ಯಗಳು

ಮೊದಲನೆಯ ಸಾಕ್ಷ್ಯವು ತೀರ್ಪುಗಾರರ ಕಣ್ಣು. ಪ್ರಥಮ ಸ್ಥಾನವನ್ನು ಗುರುತಿಸಲು ಮೂವರು, ದ್ವಿತೀಯ ಸ್ಥಾನವನ್ನು ಗುರುತಿಸಲು ಬೇರೆ ಮೂವರು ನೇಮಕಗೊಂಡಿದ್ದರು. ಪ್ರಥಮ ಸ್ಥಾನದ ಮೂವರಲ್ಲಿ ಇಬ್ಬರು ಡೆವಿಟ್ ಗೆದ್ದರೆಂದರು. ದ್ವಿತೀಯ ಸ್ಥಾನದ ಮೂವರಲ್ಲಿಯೂ ಇಬ್ಬರು ಡೆವಿಟ್ಟರ ಹೆಸರನ್ನೇ ಹೇಳಿದರು. ಅಂದರೆ ಅವರ ದೃಷ್ಟಿಯಲ್ಲಿ ಡೆವಿಟ್ ಎರಡನೆಯವರು. ಬಹುಮತದಂತೆ ಒಬ್ಬರೇ ವ್ಯಕ್ತಿ ಮೊದಲನೆಯವರೂ ಹೌದು, ಎರಡನೆಯವರೂ ಹೌದು ಎಂದಾಯಿತು! ಆರು ಅಭಿಪ್ರಾಯಗಳನ್ನೂ ಕೂಡಿಸಿ ನೋಡಿದರೆ ಮೂರು ಡೆವಿಟ್ಟರ ಕಡೆಗೆ, ಮೂರು ಲಾರ್ಸನ್ನರ ಕಡೆಗೆ ಇದ್ದವು.

ಎರಡನೆಯ ಸಾಕ್ಷ್ಯವು ಕೈಗಡಿಯಾರಗಳದು. ಡೆವಿಟ್ಟರ ಪಥದ ಮೂರು ಗಡಿಯಾರಗಳೂ 55.2 ಸೆಕೆಂಡುಗಳನ್ನು ತೋರಿಸಿದವು. ಲಾರ್ಸನ್ನರ ಪಥದ ಮೂರು ಗಡಿಯಾರಗಳು ಕ್ರಮವಾಗಿ 55.0, 55.1, 55.1 ಸೆಕೆಂಡುಗಳನ್ನು ತೋರಿಸಿದವು. ಎರಡು ಗುಂಪುಗಳು ಒಂದರೊಳಗೊಂದು ಸೇರುವುದಿಲ್ಲ. ಲಾರ್ಸನ್ನರ ಗಡಿಯಾರಗಳಲ್ಲಿ ಅತ್ಯಂತ ನಿಧಾನವಾದದ್ದು ಡೆವಿಟ್ಟರ ಯಾವ ಗಡಿಯಾರಕ್ಕಿಂತಲೂ ಮುಂದಾಗಿದೆ.

ಮೂರನೆಯದು ಪ್ರಯೋಗಾರ್ಥವಾಗಿ ಇಟ್ಟಿದ್ದ, ಅಧಿಕೃತವಲ್ಲದ ವಿದ್ಯುನ್ಮಾನ ಯಂತ್ರ. ಅದು ಲಾರ್ಸನ್ನರಿಗೆ 55.10, ಡೆವಿಟ್ಟರಿಗೆ 55.16 ಸೆಕೆಂಡುಗಳನ್ನು ಕೊಟ್ಟಿತು. ಆ ವೇಗದಲ್ಲಿ ಸೆಕೆಂಡಿನ ನೂರರಲ್ಲಿ ಆರು ಭಾಗವೆಂದರೆ ಸುಮಾರು ಹನ್ನೊಂದು ಸೆಂಟಿಮೀಟರು, ಅಂದರೆ ಸುಮಾರು ಒಂದು ಅಂಗೈ ಅಗಲದಷ್ಟು ಅಂತರ.

ಈ ಮೂರನ್ನು ಹೇಗೆ ತೂಗಬೇಕು? ತೀರ್ಪುಗಾರರು ಅನುಭವಿಗಳೇ ಇರಬಹುದು. ಆದರೆ ನೊರೆಯೆದ್ದ ನೀರಿನ ಕೆಳಗೆ ಎರಡು ಕೈಗಳು ಗೋಡೆಯನ್ನು ಮುಟ್ಟುವ ಕ್ಷಣವನ್ನು ಮೇಲಿನಿಂದ ಏಕಕಾಲದಲ್ಲಿ ನೋಡಬೇಕಾದ ಕಷ್ಟ ಅವರದು. ಅವರ ಸಾಕ್ಷ್ಯವು ಇಬ್ಬಾಗವಾಗಿರುವುದೇ ಆ ಕಷ್ಟಕ್ಕೆ ಪ್ರಮಾಣ. ಗಡಿಯಾರ ಹಿಡಿದವರ ಸ್ಥಿತಿ ಬೇರೆ. ಅವರಲ್ಲಿ ಯಾರೂ ‘ಗೆದ್ದವರು ಯಾರು’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ. ತಂತಮ್ಮ ಪಥವನ್ನು ಮಾತ್ರ ನೋಡಿ ಗುಂಡಿಯನ್ನೊತ್ತಿದರು. ಬೇರೊಂದು ಉದ್ದೇಶದಿಂದ ಹುಟ್ಟಿದ ಸಾಕ್ಷ್ಯವು ನಮ್ಮ ಪ್ರಶ್ನೆಯ ವಿಷಯದಲ್ಲಿ ನಿಷ್ಪಕ್ಷಪಾತವಾಗಿರುವ ಸಂಭವ ಹೆಚ್ಚೆಂಬುದು ಇತಿಹಾಸಕಾರರಿಗೆ ತಿಳಿದ ತತ್ತ್ವ. ಮನುಷ್ಯನ ಬೆರಳು ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ತಪ್ಪುವುದುಂಟು ನಿಜ. ಆದರೆ ಆರು ಬೆರಳುಗಳೂ ಒಬ್ಬರಿಗೇ ಅನುಕೂಲವಾಗುವಂತೆ ತಪ್ಪುವುದು ಅಪರೂಪ. ಗೋಡೆಗೆ ಸ್ಪರ್ಶಫಲಕವನ್ನು ಜೋಡಿಸುವ ಪದ್ಧತಿ ಆಗ ಇನ್ನೂ ಬಂದಿರಲಿಲ್ಲವಾದ್ದರಿಂದ ಯಂತ್ರದ ಸಾಕ್ಷ್ಯವನ್ನೂ ಪರಿಪೂರ್ಣವೆನ್ನುವಂತಿಲ್ಲ. ಹೀಗಿದ್ದರೂ ಅದು ಗಡಿಯಾರಗಳ ಸಾಕ್ಷ್ಯವನ್ನು ಸಮರ್ಥಿಸುತ್ತದೆ.

ತೀರ್ಪು

ಮುಖ್ಯ ತೀರ್ಪುಗಾರರಾಗಿದ್ದ ಹಾನ್ಸ್ ರುನ್‌ಸ್ಟ್ರೋಮರ್ ಡೆವಿಟ್ ಗೆದ್ದರೆಂದು ನಿರ್ಣಯಿಸಿದರು. ಸಮಬಲವನ್ನು ಮುರಿಯಲು ಮುಖ್ಯ ತೀರ್ಪುಗಾರರು ಮತ ಕೊಡುವ ಅಧಿಕಾರವು ನಿಯಮದಲ್ಲಿಲ್ಲವೆಂದು ಅಮೆರಿಕದವರು ಆಕ್ಷೇಪಿಸಿದರು. ಆ ಆಕ್ಷೇಪಣೆಯೂ ಅನಂತರದ ಪ್ರಯತ್ನಗಳೂ ಫಲಿಸಲಿಲ್ಲ. ಸ್ವರ್ಣಪದಕ ಡೆವಿಟ್ಟರಿಗೆ, ರಜತಪದಕ ಲಾರ್ಸನ್ನರಿಗೆ ಸಂದಿತು.

ಇಲ್ಲಿಯವರೆಗಿನದು ತೀರ್ಪಿನ ತೊಡಕು ಮಾತ್ರ. ಇತಿಹಾಸದ ದೃಷ್ಟಿಯಿಂದ ಇದಕ್ಕಿಂತ ಗಂಭೀರವಾದದ್ದು ಮುಂದಿನ ಹೆಜ್ಜೆ. ಡೆವಿಟ್ಟರ ಕಾಲ 55.2, ಲಾರ್ಸನ್ನರದು 55.1 ಎಂದು ಬರೆದರೆ ಎರಡನೆಯವರು ಮೊದಲನೆಯವರಿಗಿಂತ ಬೇಗ ಮುಗಿಸಿದಂತಾಗುತ್ತದೆ. ಈ ವಿರೋಧವನ್ನು ಪರಿಹರಿಸುವುದಕ್ಕಾಗಿ ಲಾರ್ಸನ್ನರ ಕಾಲವನ್ನೂ 55.2 ಎಂದೇ ದಾಖಲೆಯಲ್ಲಿ ನಮೂದಿಸಲಾಯಿತು. ಯಾವ ಗಡಿಯಾರವೂ ಲಾರ್ಸನ್ನರಿಗೆ ಆ ಅಂಕಿಯನ್ನು ತೋರಿಸಿರಲಿಲ್ಲ. ಸಾಕ್ಷ್ಯದಿಂದ ತೀರ್ಪು ಹುಟ್ಟಬೇಕಾದಲ್ಲಿ ತೀರ್ಪಿನಿಂದ ಸಾಕ್ಷ್ಯ ಹುಟ್ಟಿತು. ಫಲಿತಾಂಶದ ಪಟ್ಟಿಯನ್ನು ಮಾತ್ರ ನೋಡುವವರಿಗೆ ಇಬ್ಬರೂ ಒಂದೇ ಕಾಲದಲ್ಲಿ ಈಜಿದರೆಂದೂ, ಕಣ್ಣು ಸೂಕ್ಷ್ಮವಾದ ಅಂತರವನ್ನು ಕಂಡುಹಿಡಿಯಿತೆಂದೂ ತೋರುತ್ತದೆ. ಪಟ್ಟಿ ಅಧಿಕೃತವಾದದ್ದು, ಸಮಕಾಲೀನವಾದದ್ದು, ಆಂತರಿಕ ವಿರೋಧವಿಲ್ಲದ್ದು. ಆದರೂ ಅದರ ಒಂದು ಅಂಕಿ ವೀಕ್ಷಣೆಯ ಅಂಕಿಯಲ್ಲ. ದಾಖಲೆಯಲ್ಲಿ ವಿರೋಧವಿಲ್ಲದಿರುವುದೇ ಕೆಲವೊಮ್ಮೆ ಅದನ್ನು ತಿದ್ದಿರುವುದರ ಗುರುತಾಗಬಹುದೆಂಬ ಪಾಠ ಇದರಲ್ಲಿದೆ.

ಈ ಮಾತಿನಿಂದ ಡೆವಿಟ್ಟರ ಯೋಗ್ಯತೆಗೆ ಯಾವ ಕುಂದೂ ಇಲ್ಲ. ತೀರ್ಪನ್ನು ಕೊಟ್ಟವರು ಅವರಲ್ಲ. ಲಾರ್ಸನ್ ಅದೇ ಕೂಟದ ಮೆಡ್ಲೆ ರಿಲೇಯಲ್ಲಿ ಸ್ವರ್ಣಪದಕವನ್ನು ಪಡೆದರು. ಆದರೆ ಅದು ನಾಲ್ವರು ಹಂಚಿಕೊಂಡ ಗೆಲವು. ಡೆವಿಟ್ 2023ರಲ್ಲಿ, ಲಾರ್ಸನ್ 2024ರಲ್ಲಿ ತೀರಿಕೊಂಡರು. 1960ರ ತೀರ್ಪು ಬದಲಾಗದೆ ಉಳಿಯಿತು.

ಅನಂತರದ ಬೆಳವಣಿಗೆ

ರೋಮ್ ಪ್ರಕರಣದ ತರುವಾಯ ಯಂತ್ರಕ್ಕೆ ಹೆಚ್ಚಿನ ಮನ್ನಣೆ ದೊರೆಯಿತು. 1964ರ ಟೋಕಿಯೋ ಕೂಟದಲ್ಲಿ ಇದೇ ಸ್ಪರ್ಧೆಯ ಮೂರನೆಯ ಸ್ಥಾನಕ್ಕೆ ಜರ್ಮನಿಯ ಹಾನ್ಸ್ ಯೋಅಖಿಮ್ ಕ್ಲೈನ್ ಮತ್ತು ಅಮೆರಿಕದ ಗ್ಯಾರಿ ಇಲ್ಮನ್ ಇಬ್ಬರೂ 54.0 ಸೆಕೆಂಡುಗಳಲ್ಲಿ ಮುಗಿಸಿದಾಗ, ಯಂತ್ರದ ಸೂಕ್ಷ್ಮವಾದ ಅಂಕಿಗಳನ್ನು ಆಧರಿಸಿ ಕಂಚಿನ ಪದಕವನ್ನು ಕ್ಲೈನರಿಗೆ ಕೊಟ್ಟರು. 1967ರಲ್ಲಿ ಕೆನಡದ ವಿನ್ನಿಪೆಗ್‌ನಲ್ಲಿ ನಡೆದ ಪ್ಯಾನ್ ಅಮೆರಿಕನ್ ಕೂಟದಲ್ಲಿ ಸ್ಪರ್ಶಫಲಕಗಳು ಬಳಕೆಗೆ ಬಂದು, 1968ರ ಮೆಕ್ಸಿಕೋ ಒಲಿಂಪಿಕ್ ಕೂಟವನ್ನೂ ಪ್ರವೇಶಿಸಿದವು. ಅಲ್ಲಿಂದ ಈಜುಗಾರನು ತನ್ನ ಕೈಯಿಂದಲೇ ಗಡಿಯಾರವನ್ನು ನಿಲ್ಲಿಸತೊಡಗಿದನು.

ಆದರೆ ಸೂಕ್ಷ್ಮತೆಗೂ ಒಂದು ಮೇರೆಯುಂಟು. 1972ರ ಮ್ಯೂನಿಕ್ ಕೂಟದ ನಾನೂರು ಮೀಟರು ಮೆಡ್ಲೆ ಈಜಿನಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ (ರೋಮಿನ ಲಾರ್ಸನ್ನರಿಂದ ಬೇರೆಯವರು) ಅಮೆರಿಕದ ಟಿಮ್ ಮೆಕ್ಕೀ ಅವರನ್ನು ಸೆಕೆಂಡಿನ ಸಾವಿರದಲ್ಲಿ ಎರಡು ಭಾಗದಿಂದ ಸೋಲಿಸಿದರೆಂದು ಸಾರಲಾಯಿತು. ದೂರದ ಲೆಕ್ಕದಲ್ಲಿ ಅದು ಸುಮಾರು ಮೂರು ಮಿಲಿಮೀಟರು. ಕೊಳದ ಒಂದು ಪಥಕ್ಕೂ ಇನ್ನೊಂದಕ್ಕೂ ಉದ್ದದಲ್ಲಿ ಅದಕ್ಕಿಂತ ಹೆಚ್ಚಿನ ವ್ಯತ್ಯಾಸವಿರಬಹುದು. ಹಾಗಾದಲ್ಲಿ ಯಂತ್ರವು ಅಳೆದದ್ದು ಈಜುಗಾರನನ್ನೋ ಗಾರೆಯವನ ಕೆಲಸವನ್ನೋ? ತರುವಾಯ ನಿಯಮವನ್ನು ಬದಲಾಯಿಸಿ, ನೂರನೆಯ ಭಾಗದವರೆಗೆ ಸಮನಾಗಿದ್ದರೆ ಇಬ್ಬರನ್ನೂ ಸಮಾನರೆಂದೇ ಪರಿಗಣಿಸಲು ತೀರ್ಮಾನಿಸಲಾಯಿತು. ಅದರಂತೆ 2000ದ ಸಿಡ್ನಿ ಕೂಟದಲ್ಲಿ ಪುರುಷರ ಐವತ್ತು ಮೀಟರು ಫ್ರೀಸ್ಟೈಲ್‌ನಲ್ಲಿ 21.98 ಸೆಕೆಂಡುಗಳಲ್ಲಿ ಒಟ್ಟಿಗೆ ಮುಗಿಸಿದ ಅಮೆರಿಕದ ಆಂಟನಿ ಎರ್ವಿನ್ ಮತ್ತು ಗ್ಯಾರಿ ಹಾಲ್ (ಕಿರಿಯ) ಇಬ್ಬರಿಗೂ ಸ್ವರ್ಣಪದಕ ಸಂದಿತು.

ಉಪಸಂಹಾರ

ಈ ನಲವತ್ತು ವರ್ಷಗಳ ಕಥೆಯನ್ನು ಯಂತ್ರವು ಕಣ್ಣನ್ನು ಗೆದ್ದ ಕಥೆಯೆಂದು ಮಾತ್ರ ಹೇಳಿದರೆ ಅರ್ಧ ಹೇಳಿದಂತಾಗುತ್ತದೆ. ಮೊದಲು ಕಣ್ಣಿನ ಮಿತಿಯನ್ನು, ಅನಂತರ ಯಂತ್ರದ ಸೂಕ್ಷ್ಮತೆಯ ಮಿತಿಯನ್ನು ಒಪ್ಪಿಕೊಂಡು, ಗೊತ್ತಾಗದಿದ್ದಲ್ಲಿ ಗೊತ್ತಾಗದೆಂದು ಹೇಳುವ ಧೈರ್ಯವನ್ನು ನಿಯಮವು ಸಂಪಾದಿಸಿತು. ಸಿಡ್ನಿಯ ಎರಡು ಸ್ವರ್ಣಪದಕಗಳು ಆ ಧೈರ್ಯದ ಫಲ.

ರೋಮಿನ ಸ್ಪರ್ಧೆಯ ವಿಷಯದಲ್ಲಿ ಇತಿಹಾಸಕಾರನು ಪದಕವನ್ನು ಕಿತ್ತುಕೊಡಬೇಕಾದದ್ದಿಲ್ಲ. ಅದು ಅವನ ಅಧಿಕಾರಕ್ಕೆ ಸೇರಿದ್ದೂ ಅಲ್ಲ. ತೀರ್ಪಿನಂತೆ ಗೆದ್ದವರು ಡೆವಿಟ್. ಉಳಿದಿರುವ ಸಾಕ್ಷ್ಯದ ಭಾರ ಲಾರ್ಸನ್ನರ ಕಡೆಗಿದೆ. ಈ ಎರಡು ವಾಕ್ಯಗಳನ್ನೂ ಬರೆಯುವುದು, ಒಂದನ್ನು ಇನ್ನೊಂದರಿಂದ ಅಳಿಸದಿರುವುದು ಅವನ ಕರ್ತವ್ಯ. ಗಡಿಯಾರಗಳ ಆರು ಅಂಕಿಗಳು ತೀರ್ಪಿನೊಂದಿಗೆ ಮರೆಯಾಗದೆ ಉಳಿದುದರಿಂದಲೇ ನಾವು ಇಷ್ಟನ್ನು ಹೇಳಲು ಸಾಧ್ಯವಾಯಿತು. ನಮ್ಮ ವಿದ್ಯಾರ್ಥಿಗಳು ಯಾವುದೇ ದಾಖಲೆಯನ್ನು ಕೈಗೆತ್ತಿಕೊಂಡಾಗ ಅದು ಏನನ್ನು ಹೇಳುತ್ತದೆಂದು ಕೇಳುವುದರೊಂದಿಗೆ, ಆ ಅಂಕಿಯನ್ನು ನೋಡಿ ಬರೆದರೋ ನಿರ್ಣಯಿಸಿ ಬರೆದರೋ ಎಂದೂ ಕೇಳುವ ಅಭ್ಯಾಸವನ್ನು ಮಾಡಿಕೊಳ್ಳತಕ್ಕದ್ದು.